ಆರನೆಯ ಮನೆಯ ಚುಕ್ಕೆ

ಕಳೆದ ತಿಂಗಳು ಚಳ್ಳಕೆರೆಯಿಂದ ರಾಂಪುರದ ಕಡೆ ಹೋಗುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ರಟ್ಟಿನ ಹಾಳೆಗಳ ಕಟ್ಟೊಂದನ್ನು ಇಟ್ಟರು. ಹೊರಗೆ ಜಿನುಗು ಮಳೆ. ಕಟ್ಟಿನ ಒಂದು ಮೂಲೆ ನೆನೆದಿತ್ತು. ತೇವ ಹಿಡಿದ ರಟ್ಟಿಗೆ ಅದರದೇ ಒಂದು ವಾಸನೆಯಿದೆ. ಅಂಟಿನದೂ ಅಲ್ಲ, ಹಳೆಯ ಪುಸ್ತಕದ್ದೂ ಅಲ್ಲ, ಎರಡರ ನಡುವಿನದು. ಆ ವಾಸನೆ ಬಂದ ಕೂಡಲೇ ನನಗೆ ಮೂರು ವರ್ಷದ ಹಿಂದಿನ ಒಂದು ಆಷಾಢದಿಂದ ಮುಂದಿನ ಆಷಾಢದವರೆಗಿನ ಶನಿವಾರಗಳು ನೆನಪಾದವು. ಆ ಒಂದು ವರ್ಷ ನಾನು ಪ್ರತಿ ಶನಿವಾರ ಇದೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಿಬರುತ್ತಿದ್ದೆ.

ಆಗ ನಾನು ಕುದಾಪುರದ ಒಂದು ಸಂಶೋಧನಾ ಆವರಣದಲ್ಲಿ ಗುತ್ತಿಗೆಯ ಮೇಲೆ ತಾಂತ್ರಿಕ ಸಹಾಯಕಿಯಾಗಿದ್ದೆ. ತರಬೇತಿಗೆ ಬರುವವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಕೆಲಸ. ಮಧ್ಯಾಹ್ನ ಸುತ್ತಲಿನ ಹುಲ್ಲಿನ ಕಾವಲಿನ ಗಾಳಿ ಕಿಟಕಿಗೆ ಮಣ್ಣು ಎರಚುತ್ತಿತ್ತು. ಕೆಲಸ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತಿನಲ್ಲಿ ನಾನೊಂದು ಸಣ್ಣ ಗ್ರಾಫಿಕ್ಸ್ ಪ್ರೋಗ್ರಾಮ್ ಬರೆದಿದ್ದೆ. ಅದು ಮೊಳಕಾಲ್ಮೂರಿನ ರೇಷ್ಮೆ ಸೀರೆಗಾಗಿ.

ಸೀರೆಯ ಹೂವು ಮೊದಲು ಚೌಕುಳಿ ಹಾಳೆಯ ಮೇಲೆ ಬರುತ್ತದೆ. ಅದಕ್ಕೆ ಅಲ್ಲಿ ಗ್ರಾಫ್ ಎನ್ನುತ್ತಾರೆ. ಗ್ರಾಫಿನ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ಕಾರ್ಡಿನಲ್ಲಿ ತೂತು ಇದ್ದ ಕಡೆ ಮಗ್ಗದ ರೇಷ್ಮೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ದೊಡ್ಡ ಹೂವಿನಲ್ಲಿ ಜರಿ ಹಿಡಿತವಿಲ್ಲದೆ ಉದ್ದಕ್ಕೆ ಓಡಿದರೆ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಅದಕ್ಕೆ ನಡುನಡುವೆ ಒಂದೊಂದು ರೇಷ್ಮೆ ಎಳೆ ಎದ್ದು ಜರಿಯನ್ನು ಹಿಡಿಯಬೇಕು. ಗ್ರಾಫಿನಲ್ಲಿ ಆ ಜಾಗವೇ ಒಂದು ಚುಕ್ಕೆ, ಕಾರ್ಡಿನಲ್ಲಿ ಒಂದು ತೂತು. ಚುಕ್ಕೆಗಳನ್ನು ಎಲ್ಲಿ ಇಡಬೇಕೆಂಬುದರಲ್ಲೇ ಗ್ರಾಫ್ ಬರೆಯುವವರ ಕೈ ಗೊತ್ತಾಗುತ್ತದೆ. ಸಾಲಾಗಿ ಇಟ್ಟರೆ ಹೂವಿನ ಮೇಲೆ ಗೆರೆ ಎದ್ದು ಕಾಣುತ್ತದೆ.

ನಾನು ಅದನ್ನು ಕಲಿತದ್ದು ಪುಲ್ಲಯ್ಯ ಮೇಷ್ಟ್ರ ಹತ್ತಿರ. ಎಪ್ಪತ್ತು ದಾಟಿದ್ದ ಅವರು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುತ್ತಿದ್ದರು. ಪೆನ್ಸಿಲ್ ಹಿಡಿದರೆ "ಒಕಟಿ, ಮೂಡು, ಐದು, ರೆಂಡು, ನಾಲುಗು" ಎಂದು ಎಣಿಸುತ್ತ ಚುಕ್ಕೆ ಇಡುವರು. ಐದೈದು ಚೌಕಗಳಲ್ಲಿ, ಅವರ ಮಾತಿನಲ್ಲಿ ಮನೆಗಳಲ್ಲಿ, ಸಾಲಿಗೊಂದರಂತೆ ಚುಕ್ಕೆ ಬೀಳುವ ಮನೆಗಳು: ಒಂದು, ಮೂರು, ಐದು, ಎರಡು, ನಾಲ್ಕು. ಹೂವಿನ ಅಂಚು ಬಂದಾಗ "ಅಂಚುಕು ರೆಂಡು ವದುಲು" ಎನ್ನುವರು. ಅಂಚಿಗೆ ಎರಡು ಮನೆ ಖಾಲಿ ಬಿಡು, ಆಗ ಗೆರೆ ಚೊಕ್ಕವಾಗಿರುತ್ತದೆ ಎಂದು. ಈ ಎರಡನ್ನು ಅವರೇ ಹೇಳಿಕೊಟ್ಟರು. ಮೂರನೆಯದನ್ನು ನಾನು ಅವರ ಗ್ರಾಫುಗಳನ್ನು ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದಾಗ ಕಂಡೆ. ಎಂಟು ಮನೆಗಳ ಒಂದೊಂದು ಗುಂಪಿನಲ್ಲಿ ಆರನೆಯ ಮನೆಗೆ ಚುಕ್ಕೆ ಬೀಳುವಂತಿದ್ದರೆ ಮೇಷ್ಟ್ರು ಅದನ್ನು ಒಂದು ಮನೆ ಎಡಕ್ಕೆ ಸರಿಸಿರುತ್ತಿದ್ದರು. ತಪ್ಪದೆ, ಪ್ರತಿ ಹಾಳೆಯಲ್ಲಿ.

ಯಾಕೆ ಎಂದು ಕೇಳಿದ್ದೆ.

"ಅದು ಹಂಗೇ ಅಮ್ಮಾಯಿ. ಕೈಗೆ ಬಂದಂಗೆ ಬರ್ತತೆ" ಎಂದು ಅವರು ಕನ್ನಡಕ ಒರೆಸಿಕೊಂಡರು.

ನನಗೆ ಅಷ್ಟೇ ಸಾಕಾಯಿತು. ಆ ಸರಿಸುವಿಕೆಯಿಂದ ಚುಕ್ಕೆಗಳು ದೂರದಿಂದ ನೋಡಿದಾಗಲೂ ಸಾಲುಗಟ್ಟುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಪ್ರೋಗ್ರಾಮಿನ ಕೈಪಿಡಿಯಲ್ಲಿ ಹೀಗೆ ಬರೆದೆ: "ಚುಕ್ಕೆಗಳು ಸಾಲುಗಟ್ಟದಂತೆ ತಡೆಯುವ ಈ ಮೂರನೆಯ ನಿಯಮ ಹೊಸತು, ಲೇಖಕಿ ಕಂಡುಹಿಡಿದದ್ದು." ಹೆಚ್ಚು ಮಾತಾಡದವಳು ನಾನು. ಬರವಣಿಗೆಯಲ್ಲಿ ಮಾತ್ರ ಆ ಒಂದು ವಾಕ್ಯದಷ್ಟು ಜಂಬ ಪಟ್ಟೆ.

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಪ್ರೋಗ್ರಾಮನ್ನು ತೋರಿಸಿದೆ. ಕೇಳಿದವರಿಗೆಲ್ಲ ಕೈಪಿಡಿಯ ಜೊತೆ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ನಾಲ್ಕು ತಿಂಗಳ ನಂತರ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟೆ. ಇಳಕಲ್ಲಿನ ಸಂಗಮೇಶ ಎಂಬಾತ, ನಾನು ಇವತ್ತಿಗೂ ಮುಖ ನೋಡದ ಜೊತೆಗಾರ, ಸೆರಗಿನ ವಿನ್ಯಾಸಕ್ಕೆಂದು ಅದಕ್ಕೊಂದು ಭಾಗ ಬರೆದು ಸೇರಿಸಿದ. ಮೊಳಕಾಲ್ಮೂರಿನಲ್ಲಿ ಕಾರ್ಡಿಗೆ ತೂತು ಹೊಡೆಯುವ ಬಾಷಾ ಅದನ್ನು ದಿನವೂ ಬಳಸತೊಡಗಿದ. ಮೊದಲು ಚೌಕ ಚೌಕ ಎಣಿಸಿ ಹತ್ತು ದಿನ ಹೊಡೆಯುತ್ತಿದ್ದ ಕಾರ್ಡಿನ ಸರ ಈಗ ಮೂರು ದಿನಕ್ಕೆ ಮುಗಿಯುತ್ತಿತ್ತು.

ಆಷಾಢದಲ್ಲಿ ಕಾಗದ ಬಂತು. ಬೇರೆ ರಾಜ್ಯದ ಒಂದು ಕಂಪನಿಯ ಪರವಾಗಿ ವಕೀಲರು ಬರೆದದ್ದು. ಬಟ್ಟೆಯ ವಿನ್ಯಾಸದಲ್ಲಿ ಹಿಡಿತದ ಚುಕ್ಕೆಗಳನ್ನು ಇಡುವ ವಿಧಾನಕ್ಕೆ ತಮ್ಮ ಕಕ್ಷಿದಾರರು ಪೇಟೆಂಟ್ ಅರ್ಜಿ ಹಾಕಿದ್ದಾರೆ, ಪ್ರೋಗ್ರಾಮನ್ನು ಹದಿನೈದು ದಿನದೊಳಗೆ ತೆಗೆಯಬೇಕು, ಬಳಸುವವರಿಗೂ ತಿಳಿಸಬೇಕು, ಇಲ್ಲವಾದರೆ ಪೇಟೆಂಟ್ ಸಿಕ್ಕ ಮೇಲೆ ನಷ್ಟ ಕಟ್ಟಿಕೊಡಬೇಕಾಗುತ್ತದೆ. ಮೂರು ಪುಟದಲ್ಲಿದ್ದದ್ದು ಇಷ್ಟೇ.

ಅವ್ವ ಶೇಂಗಾ ಬೀಜ ಆರಿಸುವ ಶೆಡ್ಡಿನಿಂದ ಬಂದು ಕೈ ತೊಳೆಯುತ್ತಿದ್ದಳು.

"ಕೋರ್ಟಿಂದೇನು?"

"ಅಲ್ಲವ್ವ. ವಕೀಲರದ್ದು."

"ಕದ್ದೀಯೇನು ನೀನು?"

"ಇಲ್ಲ."

"ಮತ್ತೆ ಉಣ್ಣು ಬಾ" ಎಂದಳು.

ನಾನು ಉಂಡೆ. ಮರುದಿನ ಪ್ರೋಗ್ರಾಮನ್ನು ಇಂಟರ್‌ನೆಟ್ಟಿನಿಂದ ತೆಗೆದೆ. ಹೆದರಿ ತೆಗೆದೆ ಎಂದು ಬರೆಯುವುದೇ ಸರಿ. ಸಂಗಮೇಶನಿಗೆ ತಿಳಿಸಿದಾಗ ಅವನು "ನಂದೂ ತಗದುಬಿಡ್ರಿ. ನನ್ನ ಹೆಸರೂ ಅಳಿಸ್ರಿ. ನಂಗ ನೌಕರಿ ಐತ್ರಿ, ಆಫೀಸ್ನ್ಯಾಗ ಗೊತ್ತಾದ್ರ ಕೇಳ್ತಾರ" ಎಂದ. ಅವನು ಬರೆದ ಆ ಭಾಗ ಯಾರ ಪೇಟೆಂಟಿಗೂ ಸಂಬಂಧಪಟ್ಟದ್ದಲ್ಲ. ಆದರೂ ಹೋಯಿತು. ಕಾಲೇಜಿನಲ್ಲಿ ನಮ್ಮ ಮೇಡಮ್ಮೊಬ್ಬರು ಹೇಳಿದ್ದರು: ಜಿಐಎಫ್ ಎಂಬ ಚಿತ್ರದ ಫೈಲನ್ನು ಕುಗ್ಗಿಸುವ ವಿಧಾನಕ್ಕೆ ಪೇಟೆಂಟ್ ಇದೆ ಎಂದು ತಿಳಿದಾಗ ಚಿತ್ರದ ಸಾಫ್ಟ್‌ವೇರ್ ಬರೆಯುವವರು ಒಟ್ಟುಗೂಡಿ ಪಿಎನ್‌ಜಿ ಎಂಬ ಹೊಸ ಬಗೆಯನ್ನೇ ಕಟ್ಟಿದರು ಎಂದು. ಪರೀಕ್ಷೆಗೆ ನಾನು ಅದನ್ನು ಎರಡು ಅಂಕದ ಉತ್ತರವಾಗಿ ಓದಿದ್ದೆ. ಬರೆದದ್ದನ್ನು ಒಂದು ಕಾಗದ ನೋಡಿ ತಾನೇ ಅಳಿಸುವುದೆಂದರೆ ಏನು ಎಂಬುದು ಆ ಉತ್ತರದಲ್ಲಿ ಇರಲಿಲ್ಲ.

ಶನಿವಾರ ಮೊಳಕಾಲ್ಮೂರಿಗೆ ಹೋಗಿ ಬಾಷಾನಿಗೂ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿ, ಹಳೆಯ ಸ್ಟೂಲಿನ ಮೇಲೆ ಗ್ರಾಫ್ ನಿಲ್ಲಿಸಿ, ಬೆರಳಿಟ್ಟು ಚೌಕ ಎಣಿಸಲು ಕೂತ. ಶ್ರಾವಣದ ಸೀರೆಗಳಿಗೆ ಕಾರ್ಡು ಬೇಕಿತ್ತು. ಆ ಬೀದಿಯ ನಾಲ್ಕು ಮಗ್ಗಗಳು ಕಾರ್ಡಿಗಾಗಿ ಕಾಯುತ್ತ ನಿಂತವು. ಹಾಗೆ ನಿಂತ ಮಗ್ಗಗಳಲ್ಲೊಂದು ಮೇಷ್ಟ್ರ ಮನೆಯದು.

ಹೆದರಿಕೆ ನನ್ನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಓದಲು ಏನಾದರೂ ಇದ್ದರೆ ಹೋಗಿಬಿಡುತ್ತದೆ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಆ ಅರ್ಜಿಯನ್ನು ಹುಡುಕಿ ಓದಿದೆ. ಮೊದಲು ತಿಳಿದದ್ದು, ಅದು ಅರ್ಜಿ ಮಾತ್ರ. ಹಕ್ಕು ಇನ್ನೂ ಸಿಕ್ಕಿಲ್ಲ. ನಮ್ಮ ಕಾನೂನಿನಲ್ಲಿ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. ಆದರೆ ಇವರು ಅದನ್ನು ಕಾರ್ಡು ಹೊಡೆಯುವ ಯಂತ್ರದ ಜೊತೆ ಜೋಡಿಸಿ ಬರೆದಿದ್ದರು. ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಒಂದು ಊರಿನ ಜನರಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯೂ ಆಕ್ಷೇಪಕ್ಕೆ ಆಧಾರವಾಗುತ್ತದೆ.

ಆಮೇಲೆ ಅವರು ತಮ್ಮದೆಂದು ಕೇಳಿದ್ದ ವಿಧಾನವನ್ನು ಓದಿದೆ. ಐದರ ಎಣಿಕೆ. ಅಂಚಿಗೆ ಎರಡು ಬಿಡುವುದು. ಮೂರನೆಯದಾಗಿ, ಎಂಟರ ಗುಂಪಿನಲ್ಲಿ ಆರನೆಯದನ್ನು ಎಡಕ್ಕೆ ಸರಿಸುವುದು, "ಚುಕ್ಕೆಗಳು ಸಾಲುಗಟ್ಟದಂತೆ ತಡೆಯಲು". ಕಾರಣವೂ ನನ್ನದೇ, ಇಂಗ್ಲಿಷಿನಲ್ಲಿ. ಪ್ರದರ್ಶನದಲ್ಲಿ ಪೆನ್‌ಡ್ರೈವ್ ಒಡ್ಡಿದವರಲ್ಲಿ ಯಾರು ಒಯ್ದರೋ ನಾನು ಹೇಳಲಾರೆ. ಅರ್ಜಿಯ ದಿನಾಂಕ ಮಾತ್ರ ನಾನು ಇಂಟರ್‌ನೆಟ್ಟಿಗೆ ಹಾಕುವುದಕ್ಕಿಂತ ಎರಡು ತಿಂಗಳು ಹಿಂದಿನದು. ಪ್ರದರ್ಶನದಲ್ಲಿ ಕೊಟ್ಟದ್ದಕ್ಕೆ ನನ್ನಲ್ಲಿ ಯಾವ ದಾಖಲೆಯೂ ಇರಲಿಲ್ಲ, ಹಾಗಾಗಿ ನನ್ನ ಪ್ರೋಗ್ರಾಮು ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಎಣಿಕೆಯೂ ಅಂಚೂ ನೇಯ್ಗೆಯ ಪಠ್ಯಗಳಲ್ಲಿ ಸಿಗುತ್ತವೆ, ಅವಕ್ಕೆ ಯಾರೂ ಒಡೆಯರಾಗಲಾರರು. ಆರನೆಯ ಮನೆ ಎಲ್ಲೂ ಇರಲಿಲ್ಲ. ಅರ್ಜಿ ನಿಂತಿದ್ದದ್ದು ಆ ಒಂದು ಮನೆಯ ಮೇಲೆ. ಅದು ಹಳೆಯದೆಂದು ತೋರಿಸಿದರೆ ಪ್ರೋಗ್ರಾಮ್ ಉಳಿಯುತ್ತಿತ್ತು.

ಮುಂದಿನ ಶನಿವಾರ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಹೆಂಡತಿ ಸುಂಕಮ್ಮ ನಿಂತ ಮಗ್ಗದ ಪಕ್ಕ ಕೂತು ರೇಷ್ಮೆಯ ಗಂಟು ಬಿಡಿಸುತ್ತಿದ್ದರು. ಬಾಷಾ ಚಹಾ ಕುಡಿಯುತ್ತ ಬಾಗಿಲಿಗೆ ಒರಗಿದ್ದ. ಆರನೆಯ ಮನೆಯ ಮಾತು ಬಂದಾಗ ಅವನಿಗೆ ಚಹಾ ನೆತ್ತಿಗೇರಿತು.

"ಏನಂದ್ರಿ ಮೇಡಂ? ಇನ್ನೊಂದ್ಸಲ ಓದ್ರಿ."

ಓದಿದೆ.

"ಅರೆ, ಅದು ಆರನೇ ಕೀ" ಎಂದು ಅವನು ನಗತೊಡಗಿದ. "ನಮ್ಮ ಅಬ್ಬಾನ ಕಾಲದ, ನೇಕಾರರ ಸಂಘದ ಮಷಿನ್ದು. ಅದಕ್ಕೆ ಎಂಟು ಕೀ. ಆರನೇದು ಮುರಿದಿತ್ತು. ಒತ್ತಿದ್ರೆ ತೂತು ಬೀಳ್ತಿರ್ಲಿಲ್ಲ. ಅಬ್ಬಾ ಒಂದೊಂದೂ ಉಳಿ ಇಟ್ಟು ಸುತ್ತಿಗೇಲಿ ಹೊಡೀತಿದ್ರು. ಮೇಷ್ಟ್ರ ಮನೆ ಮುಂದೆ ಬಂದು ಜಗಳ ಆಡೋರು, ಚುಕ್ಕೆ ಅಲ್ಲೇ ಇಡಬೇಕಾ, ಪಕ್ಕಕ್ಕಿಟ್ರೆ ನಿನ್ನ ಗಂಟು ಹೋಗ್ತದಾ ಅಂತ. ಹೌದಲ್ರೀ ಮೇಷ್ಟ್ರೇ?"

ಮೇಷ್ಟ್ರು ಕಣ್ಣು ತೆರೆಯಲಿಲ್ಲ.

"ಲೇ ಬಾಷಾ, ಚಹಾ ಕುಡಿದಾಯ್ತಲ್ಲ, ಎದ್ದು ಹೋಗು" ಎಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಹೂವಿನ ಆಕಾರಕ್ಕೆ ಬೇಕಾದ ತೂತುಗಳನ್ನು ಸರಿಸುವಂತಿರಲಿಲ್ಲ, ಆಕಾರ ಕೆಡುತ್ತದೆ. ಅಲ್ಲಿ ಆರನೆಯ ತೂತನ್ನು ಬಾಷಾನ ತಂದೆ ಕೈಯಿಂದಲೇ ಹೊಡೆಯಬೇಕಿತ್ತು. ಆದರೆ ಹಿಡಿತದ ಚುಕ್ಕೆ ಒಂದು ಮನೆ ಅತ್ತಿತ್ತ ಆದರೆ ನಡೆಯುತ್ತದೆ. ಗೆಳೆಯನ ಕೈಗೆ ಕೆಲಸ ಕಡಿಮೆಯಾಗಲೆಂದು ಮೇಷ್ಟ್ರು ಆ ಚುಕ್ಕೆಗಳನ್ನೆಲ್ಲ ಎಡಕ್ಕೆ ಸರಿಸಿದ್ದರು. ಹೊಸ ಯಂತ್ರ ಬಂದ ಮೇಲೂ ಕೈ ಬದಲಾಗಲಿಲ್ಲ. ನಾನು ಲೆಕ್ಕ ಹಾಕಿ ಕಂಡುಹಿಡಿದ ನಿಯಮ, ಕಂಪನಿಯವರು ತಮ್ಮ ಆವಿಷ್ಕಾರವೆಂದು ಇಂಗ್ಲಿಷಿನಲ್ಲಿ ಬರೆದ ನಿಯಮ, ಒಂದು ಮುರಿದ ಕೀ.

ಬಾಷಾ ಹೋಗಲಿಲ್ಲ. ಅವನ ಮನೆಯ ಅಟ್ಟದಲ್ಲಿ ತಂದೆ ಹೊಡೆದ ಕಾರ್ಡಿನ ಸರಗಳಿವೆ ಎಂದ. ಅವತ್ತೇ ಏಣಿ ಹಾಕಿ ಇಳಿಸಿದೆವು. ಮಳೆಗೆ ಅಟ್ಟ ಸೋರಿ ಕೆಳಗಿನ ಕಟ್ಟುಗಳು ಉಬ್ಬಿದ್ದವು. ಮೇಲಿನವು ಚೆನ್ನಾಗಿದ್ದವು. ಹಗಲಿನ ಬೆಳಕಿಗೆ ಒಂದು ಕಾರ್ಡು ಹಿಡಿದೆ. ಎಂಟು ಸಾಲು ತೂತುಗಳಲ್ಲಿ ಏಳು ಸಾಲಿನವು ನುಣುಪಾಗಿದ್ದವು. ಆರನೆಯ ಸಾಲಿನವು ಕೊಂಚ ದೊಡ್ಡವು, ಅಂಚು ಹರಿದವು, ಎಷ್ಟೋ ಕಡೆ ಓರೆಯಾಗಿದ್ದವು. ಹೂವಿನ ಹೊಟ್ಟೆಯೊಳಗಿನ ಚುಕ್ಕೆಗಳ ಜಾಗದಲ್ಲಿ ಆರನೆಯ ಸಾಲು ಪೂರ್ತಿ ಖಾಲಿ. ನೂರಾರು ಕಾರ್ಡುಗಳಲ್ಲಿ ಹಾಗೇ.

ಕಾಲವನ್ನು ತೋರಿಸಲು ಇನ್ನೊಂದು ಬೇಕಿತ್ತು. ನೇಕಾರರ ಸಂಘದ ಹಳೆಯ ನಡಾವಳಿ ಪುಸ್ತಕದಲ್ಲಿ ಅದು ಸಿಕ್ಕಿತು. "ಆರನೇ ಕೀ ಕೆಟ್ಟು ಬಹಳ ಕಾಲವಾದ ಹಳೇ ಕಾರ್ಡ್ ಮಷಿನ್ನನ್ನು ಗುಜರಿಗೆ ಹಾಕತಕ್ಕದ್ದು" ಎಂದು ಠರಾವು, ಕೆಳಗೆ ಸಹಿಗಳು, ತಾರೀಖು. ನಾನು ಹೈಸ್ಕೂಲಿಗೆ ಸೇರುವ ಮೊದಲಿನದು. ಕೂತು ಪ್ರತಿಯೊಂದನ್ನೂ ಅಳತೆಪಟ್ಟಿಯ ಜೊತೆ ಫೋಟೋ ತೆಗೆದೆ. ಇನ್ನು ಉಳಿದದ್ದು ಮೇಷ್ಟ್ರ ಹೇಳಿಕೆ, ಅದಕ್ಕೆ ಅವರ ಸಹಿ.

ಅವರು ಒಪ್ಪಲಿಲ್ಲ.

"ಬೇರೆ ಎಲ್ಲ ಬರಿ. ಅದೊಂದು ಬಿಡು" ಎಂದರು.

"ಅದೊಂದೇ ಬೇಕಾಗಿರೋದು ಮೇಷ್ಟ್ರೇ."

"ಧರ್ಮಾವರದ ಸೀರೆಯೋರು ಬಂದು ನನ್ನ ಗ್ರಾಫ್ ನೋಡಿ ಏನಂತಾರೆ ಗೊತ್ತೈತಾ? ಪುಲ್ಲಯ್ಯನ ಹೂವು ನಿಂತಲ್ಲಿ ನಿಲ್ಲಲ್ಲ, ಜೀವ ಇದ್ದಂಗೆ ಅಲ್ಲಾಡ್ತತೆ ಅಂತಾರೆ. ಎಲ್ಲಿ ಕಲ್ತಿ ಅಂತ ಕೇಳ್ತಾರೆ. ನಾನು ನಗ್ತೀನಿ ಅಷ್ಟೆ." ಅವರು ಕನ್ನಡಕ ತೆಗೆದು ಗ್ರಾಫಿನ ಮೇಲಿಟ್ಟರು. "ಐದರ ಎಣಿಕೆ ನಮ್ಮ ಮಾವಂದು. ಅಂಚಿಗೆ ಎರಡು ಬಿಡೋದು ಅವರಪ್ಪಂದು. ನಂದು ಅಂತ ಇದೊಂದಿತ್ತು" ಎಂದರು.

ಕೈಪಿಡಿಯಲ್ಲಿ ನಾನು ಬರೆದ ವಾಕ್ಯವನ್ನು ಅವರಿಗೆ ಅವತ್ತಿನವರೆಗೂ ಓದಿ ಹೇಳಿರಲಿಲ್ಲ. ಆಗ ಓದಿ ಹೇಳಿದೆ. "ಲೇಖಕಿ ಕಂಡುಹಿಡಿದದ್ದು" ಎಂಬಲ್ಲಿ ನನ್ನ ಧ್ವನಿ ಸಣ್ಣದಾಯಿತು.

ಮೇಷ್ಟ್ರು ನನ್ನನ್ನು ದಿಟ್ಟಿಸಿದರು. "ನೀನೂನಾ?"

ಸುಂಕಮ್ಮ ಗಂಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಏಮಯ್ಯಾ, ಒಂದು ಮುರಿದ ಮೊಳೆಗೆ ಮೂರು ಜನ ಗಂಡಂದಿರು ಆದಂಗಾಯ್ತು. ಕಂಪನಿಯೋನು, ಈ ಹುಡುಗಿ, ನೀನು. ಅವರಿಬ್ರೂ ಏನಾರ ಮಾಡ್ಕಳ್ಳಿ. ನನ್ನ ಮಗ್ಗ ನಿಂತೈತೆ, ಅದನ್ನ ನೋಡು. ನಿನ್ನ ಸೀರೆ ಕೊಟ್ಟು ಕಳಿಸೋವಾಗ ಬಳೆ ಕೈ ಆಡ್ಸಿ ನೋಡೋಳು ನಾನು. ಜರಿ ಸಿಕ್ಕಿಲ್ಲ ಅಂತ ಹೇಳ್ದೋಳು ನಾನು. ಆರು ಏಳು ಯಾವ ಹೆಂಗಸು ಕೇಳಿದ್ಲು?"

ಮೇಷ್ಟ್ರು ಅವತ್ತು ಸಹಿ ಮಾಡಲಿಲ್ಲ. ಎರಡು ವಾರ ಬಿಟ್ಟು, ನಾನು ಬಸ್ಸಿಳಿದಾಗ, ತಾಲ್ಲೂಕು ಕೋರ್ಟಿನ ಮುಂದೆ ನೋಟರಿಯ ಬೆಂಚಿನ ಮೇಲೆ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. "ಬರಿಸು. ಆದರೆ ಬಾಷಾನ ಅಪ್ಪನ ಹೆಸರು ಮೊದಲು ಹಾಕು. ಕೈ ನೋವು ಅವಂದು" ಎಂದರು. ಹಾಗೇ ಬರೆಸಿದೆ.

ಆಕ್ಷೇಪವನ್ನು ನಾನೇ ಬರೆದೆ. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಹೇಳಬೇಕಾದದ್ದು ಹನ್ನೊಂದು ಪುಟದಲ್ಲಿ ಮುಗಿಯಿತು. ಸಲ್ಲಿಸಿದ ದಿನವೇ ಬಾಷಾನಿಗೆ ಲ್ಯಾಪ್‌ಟಾಪ್ ತೆರೆಯಲು ಹೇಳಿದೆ. ಪೇಟೆಂಟ್ ಸಿಗುವ ತನಕ ಅವನ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂಬುದನ್ನು ಅಷ್ಟರಲ್ಲಿ ಓದಿ ತಿಳಿದಿದ್ದೆ. ಸಿಗದಂತೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದೆ. ಅಷ್ಟು ಖಚಿತವಾಗಿ ನಾನು ಯಾರಿಗೂ ಯಾವುದನ್ನೂ ಹೇಳಿದವಳಲ್ಲ. ನಾಲ್ಕು ಮಗ್ಗಗಳು ಮತ್ತೆ ಓಡಿದವು. ಪ್ರೋಗ್ರಾಮನ್ನು ಮಾತ್ರ ತೀರ್ಪು ಬರುವ ತನಕ ಹೊರಗೆ ಬಿಡಲಿಲ್ಲ. ಉಳಿದವರ ಊರಿಗೆ ಹೋಗಿ ಧೈರ್ಯ ಹೇಳಲು ನನ್ನಿಂದಾಗುತ್ತಿರಲಿಲ್ಲ.

ವಿಚಾರಣೆ ಚಳಿಗಾಲ ಕಳೆದ ಮೇಲೆ, ವಿಡಿಯೋ ಮೂಲಕ. ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟೆ. ಸದ್ದಾಗಬಾರದೆಂದು ಸುಂಕಮ್ಮ ಮಗ್ಗ ನಿಲ್ಲಿಸಿದರು. ಕಂಪನಿಯ ವಕೀಲರು ಮೊದಲ ಮಾತಿಗೇ ನನ್ನ ಕೈಪಿಡಿಯನ್ನು ತೆರೆದರು.

"ಆಕ್ಷೇಪಣೆದಾರರೇ ಇದನ್ನು ಹೊಸತು ಎಂದು ಬರೆದಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಓದಿದರು.

"ತಪ್ಪು ಬರೆದಿದ್ದೆ. ನನಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಳ್ಳಲೂ ಇಲ್ಲ" ಎಂದೆ. ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಪೇಟೆಂಟ್ ಕಚೇರಿಯ ಅಧಿಕಾರಿ ಕಾರ್ಡುಗಳ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಹೇಳಿಕೆ ಕೊಟ್ಟವರು ಅಲ್ಲೇ ಇದ್ದರೆ ಚುಕ್ಕೆ ಇಡುವುದನ್ನು ತೋರಿಸಬಹುದೇ ಎಂದು ಕೇಳಿದರು. ನಾನು ಕ್ಯಾಮೆರಾವನ್ನು ಗ್ರಾಫಿನ ಮೇಲಕ್ಕೆ ಬಾಗಿಸಿದೆ. ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ಎಣಿಸುತ್ತ ಚುಕ್ಕೆ ಇಟ್ಟರು. ಆರನೆಯ ಮನೆ ಬಂತು, ಕೈ ಎಡಕ್ಕೆ ಸರಿಯಿತು. ಅವರು ಆ ಕಡೆ ನೋಡಲೂ ಇಲ್ಲ.

"ಅದನ್ನು ಯಾಕೆ ಬಿಟ್ಟರು?" ಎಂದು ಅಧಿಕಾರಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ.

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಬಾಗಿಲಲ್ಲಿ ಬಾಷಾ ಇದ್ದ. ಅಕ್ಕಪಕ್ಕದ ಮಗ್ಗದವರು ಕಿಟಕಿಯಲ್ಲಿದ್ದರು.

"ಕೀ ಮುರಿದಿತ್ತು ಸಾಮಿ" ಎಂದರು ಮೇಷ್ಟ್ರು. "ನನ್ನ ಜಾಣತನ ಏನೂ ಇಲ್ಲ ಅದ್ರಾಗೆ. ಅಲ್ಲಿ ತೂತು ಬೀಳ್ತಿರ್ಲಿಲ್ಲ."

ನಾನು ಅದನ್ನು ಒಂದು ಪದವೂ ಹೆಚ್ಚುಕಡಿಮೆಯಾಗದಂತೆ ಇಂಗ್ಲಿಷಿನಲ್ಲಿ ಹೇಳಿದೆ.

ಮುಂದಿನ ಆಷಾಢಕ್ಕೆ ಆದೇಶ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಕುದಾಪುರದಲ್ಲಿ ಊಟದ ಬಿಡುವಿನಲ್ಲಿ ಓದಿ, ಸಂಗಮೇಶನಿಗೆ ಕಳಿಸಿದೆ. "ಹಂಗಾರ ನಂದೂ ವಾಪಸ್ ಹಾಕ್ರಿ, ಹೆಸರು ಸಮೇತ" ಎಂದು ಬರೆದ. ಹಾಕುವುದನ್ನು ಶನಿವಾರಕ್ಕೆ ಇಟ್ಟುಕೊಂಡೆ. ಮೇಷ್ಟ್ರಿಗೆ ಮೊದಲು ಬಾಯಲ್ಲಿ ಹೇಳಬೇಕೆನಿಸಿತು.

ಅವರು ಹೊಸ ಗ್ರಾಫೊಂದರ ಮೇಲೆ ಬಾಗಿದ್ದರು. ಹೇಳಿದೆ. "ಹೌದಾ" ಎಂದರು. ಎಣಿಕೆ ತಪ್ಪೀತೆಂದು ತಲೆ ಎತ್ತಲಿಲ್ಲ. ಒಕಟಿ, ಮೂಡು, ಐದು. ಪೆನ್ಸಿಲ್ ಆರನೆಯ ಮನೆಯ ಮೇಲೆ ಬಂದು ನಿಂತಿತು. ಅವರು ಕನ್ನಡಕವನ್ನು ಮೇಲಕ್ಕೆ ಸರಿಸಿ ಅದನ್ನೇ ನೋಡಿದರು. ಆಮೇಲೆ ಆ ಮನೆಯಲ್ಲೇ, ನಡುವಿಗೆ ಸರಿಯಾಗಿ, ಒಂದು ಚುಕ್ಕೆ ಇಟ್ಟರು. ಹಾಳೆಯನ್ನು ಕೈಯಳತೆಯ ದೂರಕ್ಕೆ ಹಿಡಿದರು, ಹತ್ತಿರ ತಂದರು.

"ಏನೂ ಆಗ್ಲಿಲ್ಲ" ಎಂದರು.

"ಇಲ್ಲ ಮೇಷ್ಟ್ರೇ" ಎಂದೆ.

ಅವರು ಮುಂದಿನ ಸಾಲಿಗೆ ಹೋದರು. ನಾನು ಚಳ್ಳಕೆರೆಯ ಬಸ್ಸಿನಲ್ಲಿ ಕೂತು, ಪ್ರೋಗ್ರಾಮಿನಿಂದ ಆರನೆಯ ಮನೆಯ ನಿಯಮವನ್ನು ತೆಗೆದೆ. ಕೈಪಿಡಿಯಿಂದ ನನ್ನ ವಾಕ್ಯವನ್ನು ಅಳಿಸಿದೆ. ಮಧ್ಯಾಹ್ನ ಮೂರು ಗಂಟೆಗೆ, ಹಾನಗಲ್ ದಾಟಿ ಸಿಗ್ನಲ್ ಬಂದ ಕೂಡಲೇ, ಅದನ್ನು ಎಲ್ಲರಿಗೂ ಬಿಟ್ಟೆ.